ಗುರುತು ಪರಿಚಯದಿಂದ ಕೆಲಸ ಹುಡುಕೋದು ಹೇಗೆ? ಬೆಂಗಳೂರಿಗೆ ಹೊಸದಾಗಿ ಬಂದಿರೋರಿಗೆ

"ಅಣ್ಣ ನಮಸ್ತೆ, ಯಾವ್ದಾದ್ರೂ ಕೆಲ್ಸ ಇದ್ರೆ ಹೇಳಿ ಅಣ್ಣ."

ಈ ಥರದ ಮೆಸೇಜ್ ನನ್ನ ವಾಟ್ಸಾಪ್‌ಗೆ ವಾರಕ್ಕೆ ಒಂದೆರಡಾದ್ರೂ ಬರುತ್ತೆ, ಊರಿನ ಹುಡುಗ್ರು, ಕಾಲೇಜಿನ ಜೂನಿಯರ್‌ಗಳು, ಯಾರೋ ಪರಿಚಯದವರ ತಮ್ಮಂದಿರು. ಓದ್ದಾಗ ಹೊಟ್ಟೆಗೆ ಒಂಥರಾ ಆಗುತ್ತೆ, ಯಾಕಂದ್ರೆ ನಾನೂ ಹಿಂಗೇ ಅಲೆದವನು. ಆದ್ರೆ ನಿಜ ಹೇಳ್ತೀನಿ, ಇದಕ್ಕೆ ಏನಂತ ಉತ್ತರ ಬರೀಬೇಕು ಅಂತಾನೇ ಗೊತ್ತಾಗಲ್ಲ. ಏನು ಓದಿದಾನೆ, ಎಲ್ಲಿದಾನೆ, ಏನು ಬರುತ್ತೆ, ಎಷ್ಟು ಸಂಬಳ ಬಂದ್ರೆ ಬರ್ತಾನೆ, ಒಂದೂ ಗೊತ್ತಿಲ್ಲ. "ನೋಡ್ತೀನಿ ಕಣಪ್ಪ" ಅಂತ ಬರೀತೀನಿ, ಅಲ್ಲಿಗೆ ಅದು ಮುಗೀತು.

ಹೋದ ವರ್ಷ ಇನ್ನೊಂದು ಮೆಸೇಜ್ ಬಂತು, ನನಗೆ ಮುಖ ಪರಿಚಯಾನೂ ಇಲ್ಲದ ಹುಡುಗ. "ಸರ್, ನಾನು ತಿಪಟೂರು ಕಡೆಯವನು, ಡಿಪ್ಲೊಮಾ ಮೆಕ್ಯಾನಿಕಲ್ 2023ರಲ್ಲಿ ಮುಗಿಸಿದೀನಿ, ನೆಲಮಂಗಲದಲ್ಲಿ ಒಂದು ವರ್ಷ ಕ್ವಾಲಿಟಿ ಇನ್ಸ್‌ಪೆಕ್ಷನ್ ಮಾಡಿದೀನಿ. ನಿಮ್ಮ ಕಂಪನಿಲಿ ಇನ್‌ಕಮಿಂಗ್ ಇನ್ಸ್‌ಪೆಕ್ಷನ್‌ಗೆ ಡಿಪ್ಲೊಮಾದವರನ್ನ ತಗೋತಾರಾ ಇಲ್ಲ ಬಿಇನೇ ಬೇಕಾ? ಅಷ್ಟು ತಿಳಿಸಿದ್ರೆ ಸಾಕು ಸರ್." ನಾನು ಬಸ್ಸಲ್ಲಿ ನಿಂತ್ಕೊಂಡೇ ಉತ್ತರ ಬರೆದೆ, ಎರಡು ನಿಮಿಷ. ಡಿಪ್ಲೊಮಾ ತಗೋತಾರೆ, ಆದ್ರೆ ಡ್ರಾಯಿಂಗ್ ಓದೋಕೆ ಚೆನ್ನಾಗಿ ಬರ್ಬೇಕು, ಜೂನ್ ಹೊತ್ತಿಗೆ ಒಂದಿಬ್ಬರನ್ನ ತಗೋಬಹುದು ಅಂತ. ಜೂನ್‌ನಲ್ಲಿ ಅವನೇ ನೆನಪು ಮಾಡ್ದ, ರೆಸ್ಯೂಮೆ ಒಳಗೆ ಕೊಟ್ಟೆ, ಇಂಟರ್ವ್ಯೂನ ಅವನೇ ಗೆದ್ದ.

ಇಬ್ಬರ ಮಧ್ಯೆ ವ್ಯತ್ಯಾಸ ಇಷ್ಟೇ ಕಣ್ರಿ. ಒಬ್ಬ ಕೆಲಸಾನೇ ಕೇಳ್ದ, ಅದು ನನ್ನ ಕೈಲಿಲ್ಲ. ಇನ್ನೊಬ್ಬ ನನ್ನ ಕೈಲಿರೋ ಒಂದು ಚಿಕ್ಕ ವಿಷಯ ಕೇಳ್ದ. ಎದುರಿಗಿರೋ ಮನುಷ್ಯ ಐದು ನಿಮಿಷದಲ್ಲಿ ಕೊಡಬಲ್ಲಂಥದ್ದನ್ನೇ ಕೇಳಿ ಅನ್ನೋದೊಂದೇ ನಾನು ಇಲ್ಲಿ ಹೇಳೋಕೆ ಹೊರಟಿರೋದು, ಮಿಕ್ಕಿದ್ದೆಲ್ಲ ಅದನ್ನ ಹೇಗೆ ಮಾಡೋದು ಅನ್ನೋ ವಿವರ.

ವಶೀಲಿ ಬೇರೆ, ಪರಿಚಯ ಬೇರೆ

ನಮ್ಮಲ್ಲಿ ತುಂಬ ಜನಕ್ಕೆ ಪರಿಚಯ ಹಿಡ್ಕೊಂಡು ಕೆಲಸ ಹುಡುಕೋದು ಅಂದ್ರೆ ಮುಜುಗರ, ಅದು ವಶೀಲಿ ಅನ್ಕೊಂಡಿದಾರೆ. ವಶೀಲಿ ಅಂದ್ರೆ ಅರ್ಹತೆ ಇಲ್ಲದಿದ್ರೂ ಇನ್ನೊಬ್ಬರ ಜಾಗಕ್ಕೆ ನಿಮ್ಮನ್ನ ತಳ್ಳೋದು. ಪರಿಚಯ ಅಂದ್ರೆ ಇಂಥಾ ಕಡೆ ಜಾಗ ಖಾಲಿ ಇದೆ ಅನ್ನೋ ಸುದ್ದಿ ನಿಮ್ಮ ಕಿವಿಗೆ ಬೀಳೋದು, ಮತ್ತೆ ನಿಮ್ಮ ರೆಸ್ಯೂಮೆ ರಾಶಿಯಿಂದ ಮೇಲೆ ಬಂದು ಒಬ್ಬರ ಕಣ್ಣಿಗೆ ಬೀಳೋದು. ಅಲ್ಲಿಂದಾಚೆ ಇಂಟರ್ವ್ಯೂ ನೀವೇ ಕೊಡ್ಬೇಕು.

ಇದೇನು ಹೊಸದಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆ ಹುಡುಗ್ರು ಮುಂಬೈಗೆ ಹೋಗಿ ಹೋಟೆಲ್‌ಗಳಲ್ಲಿ ಸೇರ್ಕೊಂಡಿದ್ದು ಪೇಪರ್ ಜಾಹೀರಾತು ನೋಡಿ ಅಲ್ಲ, ಊರಿನೋರು ಒಬ್ಬರು ಅಲ್ಲಿದ್ರು, ಅವರು ಇನ್ನೊಬ್ಬರನ್ನ ಕರೆಸ್ಕೊಂಡ್ರು, ಹಗಲು ಹೋಟೆಲಲ್ಲಿ ದುಡಿದು ರಾತ್ರಿ ಕನ್ನಡ ರಾತ್ರಿಶಾಲೆಲಿ ಓದಿ ಎಷ್ಟೋ ಜನ ಬ್ಯಾಂಕು ಆಫೀಸು ಅಂತ ಸೇರಿದ್ರು. ಆ ಸರಪಳಿ ಇವತ್ತು ವಾಟ್ಸಾಪ್‌ನಲ್ಲಿದೆ ಅಷ್ಟೇ.

ನನ್ನದೇ ಹೇಳ್ತೀನಿ. 2011ರಲ್ಲಿ ಡಿಪ್ಲೊಮಾ ಮುಗಿಸ್ಕೊಂಡು ಅರಸೀಕೆರೆಯಿಂದ ರೈಲು ಹತ್ತಿದೆ, ದಾಸರಹಳ್ಳಿಲಿ ನಾಲ್ಕು ಜನ ಒಂದು ರೂಮು. ದಿನಾ ಬೆಳಗ್ಗೆ ಪ್ಲಾಸ್ಟಿಕ್ ಫೈಲು ಹಿಡ್ಕೊಂಡು ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೋಗೋದು, ಗೇಟಿಂದ ಗೇಟಿಗೆ, ಸೆಕ್ಯೂರಿಟಿ ಕೈಗೆ ಬಯೋಡೇಟಾ ಕೊಟ್ಟು ಬರೋದು. ಮೂರು ತಿಂಗಳು. ಒಂದು ಕನ್ಸಲ್ಟೆನ್ಸಿಯವರು 1500 ರೂಪಾಯಿ ಇಸ್ಕೊಂಡು ಎರಡು ವಾರದಲ್ಲಿ ಬಾಗಿಲು ಹಾಕ್ಕೊಂಡು ಹೋದ್ರು. ಆಮೇಲೆ ಊರಲ್ಲಿ ಒಂದು ಮದುವೆಗೆ ಹೋದಾಗ ಊಟದ ಪಂಕ್ತಿಲಿ ಪಕ್ಕದಲ್ಲಿ ಕೂತಿದ್ದವರು, ನಮ್ಮಪ್ಪನ ಸ್ನೇಹಿತರ ಅಳಿಯನ ಅಣ್ಣ, ಅದಕ್ಕೆ ಮುಂಚೆ ನಾನು ಅವರನ್ನ ನೋಡೇ ಇರಲಿಲ್ಲ. ಏನಪ್ಪ ಮಾಡ್ಕೊಂಡಿದೀಯ ಅಂದ್ರು, ಹೇಳ್ದೆ. ಒಬ್ಬಟ್ಟಿಗೆ ತುಪ್ಪ ಹಾಕಿಸ್ಕೊಳ್ತಾ "ವರ್ನಿಯರ್ ಲೀಸ್ಟ್ ಕೌಂಟ್ ಎಷ್ಟು?" ಅಂತ ಕೇಳಿದ್ರು, ಅಂದ್ರೆ ಆ ಅಳತೆ ಸಾಧನ ಅಳೀಬಲ್ಲ ಅತೀ ಚಿಕ್ಕ ಅಳತೆ. ಪಾಯಿಂಟ್ ಜೀರೋ ಟೂ ಎಂಎಂ ಅಂದೆ. ಮೈಕ್ರೋಮೀಟರ್‌ದು? ಪಾಯಿಂಟ್ ಜೀರೋ ಒನ್. "ಸರಿ, ಸೋಮವಾರ ಒಂಬತ್ತಕ್ಕೆ ಪೀಣ್ಯ ಸೆಕೆಂಡ್ ಸ್ಟೇಜ್‌ಗೆ ಬಾ, ನಮ್ಮ ಟೂಲ್ ರೂಮಲ್ಲಿ ಒಬ್ಬ ಬಿಡ್ತಿದಾನೆ, ಸೂಪರ್‌ವೈಸರ್‌ನ ಮೀಟ್ ಮಾಡಿಸ್ತೀನಿ, ಮುಂದಿಂದು ನಿಂದು." ಆ ಕೆಲಸಕ್ಕೆ ಎಲ್ಲೂ ಜಾಹೀರಾತು ಇರಲಿಲ್ಲ. ನಾನು ಅದೇ ಕಂಪನಿ ಗೇಟಿಗೆ ಎರಡು ಸಲ ಹೋಗಿ ಬಂದಿದ್ದೆ.

ಇದು ಬರೀ ನನ್ನ ಅದೃಷ್ಟ ಅಂತ ತುಂಬ ದಿನ ಅನ್ಕೊಂಡಿದ್ದೆ, ಆಮೇಲೆ ಗೊತ್ತಾಯ್ತು ಇದರ ಮೇಲೆ ಅಧ್ಯಯನಾನೇ ಆಗಿದೆ ಅಂತ. ಮಾರ್ಕ್ ಗ್ರಾನೊವೆಟರ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞ ಬಾಸ್ಟನ್ ಪಕ್ಕದ ಊರಲ್ಲಿ ಹೊಸದಾಗಿ ಕೆಲಸ ಬದಲಾಯಿಸಿದವರನ್ನ ಮಾತಾಡ್ಸಿ 1973ರಲ್ಲಿ ಬರೆದ ಪ್ರಕಾರ, ಪರಿಚಯದಿಂದ ಕೆಲಸ ಸಿಕ್ಕವರಲ್ಲಿ ನೂರಕ್ಕೆ ಸುಮಾರು 17 ಜನಕ್ಕೆ ಮಾತ್ರ ಅದು ಪದೇಪದೇ ಭೇಟಿಯಾಗೋ ಆಪ್ತರಿಂದ ಸಿಕ್ಕಿದ್ದು. ಸುಮಾರು 56 ಜನಕ್ಕೆ ಆಗೀಗ ಸಿಗೋರಿಂದ, 28 ಜನಕ್ಕೆ ಅಪರೂಪಕ್ಕೆ ಸಿಗೋರಿಂದ. ಕಾರಣ ಯೋಚನೆ ಮಾಡಿದ್ರೆ ನಮಗೇ ಹೊಳೆಯುತ್ತೆ: ರೂಮ್‌ಮೇಟ್‌ಗೆ ಗೊತ್ತಿರೋದು ನಮಗೂ ಗೊತ್ತಿರುತ್ತೆ, ಅವನೂ ನಮ್ಮ ಹಾಗೇ ಫೈಲು ಹಿಡ್ಕೊಂಡು ಅಲೀತಿರ್ತಾನೆ. ದೂರದವರು ಬೇರೆ ಲೋಕದಲ್ಲಿ ಇರ್ತಾರೆ, ಅಲ್ಲಿಯ ಸುದ್ದಿ ತರ್ತಾರೆ. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ಮಾಡಿದ ದೊಡ್ಡ ಅಧ್ಯಯನ 2022ರಲ್ಲಿ ಬಂತು, ಅದರಲ್ಲೂ ಹೆಚ್ಚು ಉಪಯೋಗಕ್ಕೆ ಬಂದಿದ್ದು ತೀರಾ ಹತ್ತಿರದವರೂ ಅಲ್ಲದ, ಪೂರ್ತಿ ಅಪರಿಚಿತರೂ ಅಲ್ಲದ ನಡುವಿನವರೇ. ಅಂದ್ರೆ ಆ ಪಂಕ್ತಿಲಿ ಪಕ್ಕ ಕೂತಿದ್ದಂಥವರು, ನಾನು ನೋಡಿರದಿದ್ರೂ ಅಪ್ಪನ ಸ್ನೇಹಿತರ ಕಡೆಯಿಂದ ಒಂದು ಕೊಂಡಿ ಇದ್ದವರು.

ಮೊದಲು ಒಂದು ಸಾಲು ಬರೀರಿ

ಯಾರಿಗೂ ಫೋನ್ ಮಾಡೋಕೆ ಮುಂಚೆ ನಿಮಗೆ ಏನು ಬೇಕು ಅಂತ ಒಂದೇ ಸಾಲಲ್ಲಿ ಬರ್ಕೊಳ್ಳಿ. "ಯಾವ್ದಾದ್ರೂ ಪರ್ವಾಗಿಲ್ಲ" ಅನ್ನೋದು ವಿನಯದ ಮಾತು ಅನ್ಸುತ್ತೆ, ಆದ್ರೆ ಕೇಳಿಸ್ಕೊಂಡವರ ತಲೇಲಿ ಅದು ಉಳಿಯಲ್ಲ. "ಬಿಕಾಂ ಆಗಿದೆ, ಟ್ಯಾಲಿ ಮತ್ತು ಜಿಎಸ್‌ಟಿ ರಿಟರ್ನ್ ಬರುತ್ತೆ, ರಾಜಾಜಿನಗರ, ಯಶವಂತಪುರ ಕಡೆ ಅಕೌಂಟ್ಸ್ ಕೆಲಸ ಬೇಕು" ಅಂದ್ರೆ ನಾಳೆ ಯಾರೋ ಆಡಿಟರ್ ಆಫೀಸಲ್ಲಿ ಜನ ಬೇಕು ಅಂದಾಗ ತಟ್ಟಂತ ನಿಮ್ಮ ನೆನಪಾಗುತ್ತೆ. ಎರಡು ಥರದ ಕೆಲಸಕ್ಕೆ ತಯಾರಿದ್ರೆ ಎರಡು ಸಾಲು ಮಾಡ್ಕೊಳ್ಳಿ, ಒಬ್ಬರಿಗೆ ಒಂದೇ ಹೇಳಿ.

ನನಗೆ ಯಾರೂ ಗೊತ್ತಿಲ್ಲ ಅನ್ನೋರಿಗೆ

ಇಲ್ಲಿ ಸ್ವಲ್ಪ ನಿಂತು ಹೇಳ್ಬೇಕು. ಬೆಂಗಳೂರಲ್ಲೇ ಹುಟ್ಟಿ ಬೆಳೆದು ಅಪ್ಪ ಅಮ್ಮ ಇಬ್ಬರೂ ಕಂಪನಿಲಿ ಇರೋ ಮಕ್ಕಳಿಗೆ ಈ ಪರಿಚಯ ಅನ್ನೋದು ಹುಟ್ತಾನೇ ಬಂದಿರುತ್ತೆ. ಹಳ್ಳಿಯಿಂದ ಬಂದು ಮನೇಲಿ ಮೊದಲನೇ ಸಲ ಡಿಗ್ರಿ ಓದಿದವರಿಗೆ ಅದಿಲ್ಲ, ಇದು ಅನ್ಯಾಯಾನೇ, ಒಪ್ತೀನಿ. ಆದ್ರೆ ಯಾರೂ ಗೊತ್ತಿಲ್ಲ ಅನ್ನೋದು ಯಾವತ್ತೂ ಪೂರ್ತಿ ನಿಜ ಅಲ್ಲ. ಒಂದು ನೋಟ್‌ಬುಕ್ ತಗೊಂಡು ಎರಡು ದಿನ ಟೈಮ್ ಕೊಟ್ಟು 40 ಹೆಸರು ಬರೀರಿ. ಮೊದಲ 12 ಸಲೀಸಾಗಿ ಬರುತ್ತೆ, ಆಮೇಲೆ ನಿಂತುಹೋಗುತ್ತೆ. ಅಲ್ಲಿಂದ ಮುಂದೆ ಜಾಗ ನೆನಪು ಮಾಡ್ಕೊಳ್ಳಿ, ಹೆಸರು ತಾನಾಗೇ ಬರುತ್ತೆ.

ಹಾಸ್ಟೆಲ್. ಇದಕ್ಕಿಂತ ಗಟ್ಟಿ ಸಂಬಂಧ ನಾನು ನೋಡಿಲ್ಲ. ನವೋದಯದಲ್ಲಿ ಓದಿದವರು, ಮೊರಾರ್ಜಿ ಶಾಲೆಯವರು, ಸಿದ್ಧಗಂಗಾ ಮಠದಲ್ಲಿ ಇದ್ದು ಓದಿದವರು, ಬಿಸಿಎಂ ಹಾಸ್ಟೆಲ್ ಹುಡುಗ್ರು, ಇವರೆಲ್ಲ ರಾಜ್ಯದ ಮೂಲೆಮೂಲೆಲೂ ಇದಾರೆ, ದೊಡ್ಡ ಕಂಪನಿಗಳಲ್ಲೂ ಇದಾರೆ. ನಿಮಗಿಂತ ಹತ್ತು ವರ್ಷ ಸೀನಿಯರ್ ಆದ್ರೂ ಪರ್ವಾಗಿಲ್ಲ, ನಾನೂ ಅದೇ ಹಾಸ್ಟೆಲ್ ಅಣ್ಣ ಅಂದ್ರೆ ಅರ್ಧ ಕೆಲಸ ಆದ ಹಾಗೆ, ಯಾಕಂದ್ರೆ ಅವರಿಗೂ ಆ ತಟ್ಟೆ ಲೋಟ ಹಿಡ್ಕೊಂಡು ಸಾಲಲ್ಲಿ ನಿಂತಿದ್ದು ನೆನಪಿರುತ್ತೆ.

ಕಾಲೇಜು ಅಂದ್ರೆ ಬರೀ ಕ್ಲಾಸ್‌ಮೇಟ್ಸ್ ಅಲ್ಲ. ಲ್ಯಾಬ್ ಇನ್‌ಸ್ಟ್ರಕ್ಟರ್‌ನ ಮರೀಬೇಡಿ, ಹಳೇ ಹುಡುಗ್ರು ಯಾರು ಎಲ್ಲಿ ಸೇರಿದ್ರು ಅಂತ ಲೆಕ್ಚರರ್‌ಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತೆ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪೇಜ್‌ಗೆ ಹೋಗಿ ಅಲುಮ್ನೈ ಅನ್ನೋ ಕಡೆ ಒತ್ತಿದ್ರೆ ಹಳೇ ವಿದ್ಯಾರ್ಥಿಗಳು ಯಾವ ಊರಲ್ಲಿ ಯಾವ ಕಂಪನಿಲಿ ಇದಾರೆ ಅಂತ ವಿಂಗಡಿಸಿ ತೋರಿಸುತ್ತೆ, ಇದು ಫ್ರೀ, ತುಂಬ ಜನಕ್ಕೆ ಗೊತ್ತೇ ಇಲ್ಲ. ಅಪ್ರೆಂಟಿಸ್ ಮಾಡಿದ್ರೆ ಅಲ್ಲಿನ ಆಪರೇಟರ್‌ಗಳು, ಇಂಟರ್ನ್‌ಶಿಪ್ ಮಾಡಿದ್ರೆ ಅಲ್ಲಿನ ಪಕ್ಕದ ಸೀಟಿನವರು.

ಆಮೇಲೆ ನಾವು ಲೆಕ್ಕಕ್ಕೇ ತಗೊಳ್ಳದ ಜನ. ಕಂಪನಿ ಕ್ಯಾಬ್ ಓಡಿಸೋ ಊರಿನ ಹುಡುಗ, ಕ್ಯಾಂಟೀನ್ ಕಾಂಟ್ರಾಕ್ಟ್ ಹಿಡಿದಿರೋರು, ಸೆಕ್ಯೂರಿಟಿ ಸೂಪರ್‌ವೈಸರ್, ಬಿಡಿಭಾಗ ಸಪ್ಲೈ ಮಾಡೋ ಟೆಂಪೊದವರು, ರೂಮಿನ ಓನರ್ ಮಗಳು, ಪಿಜಿ ಆಂಟಿ, ಅಪ್ಪ ಗೊಬ್ಬರ ತರೋ ಅಂಗಡಿಯವರ ಅಳಿಯ. ಯಾವ ಶಿಫ್ಟಿಗೆ ಜನ ಕಮ್ಮಿ ಬಿದ್ದಿದಾರೆ, ಯಾವ ಕಂಪನಿ ಹೊಸ ಲೈನ್ ಹಾಕ್ತಿದೆ, ಎಲ್ಲಿ ಸಂಬಳ ಎರಡು ತಿಂಗಳಿಂದ ಬಂದಿಲ್ಲ, ಇದೆಲ್ಲ ಎಚ್‌ಆರ್‌ಗಿಂತ ಮೊದಲು ಕ್ಯಾಂಟೀನ್‌ನಲ್ಲಿ ಗೊತ್ತಿರುತ್ತೆ.

ನೋಟ್‌ಬುಕ್ ಪೇಜಲ್ಲಿ ಗೆರೆ ಹೊಡೆದು ಹೆಸರು, ಹೇಗೆ ಪರಿಚಯ, ಎಲ್ಲಿದಾರೆ, ಯಾವತ್ತು ಮಾತಾಡಿದೆ, ಏನಂದ್ರು, ಮುಂದೆ ಯಾವಾಗ, ಇಷ್ಟು ಕಾಲಂ ಸಾಕು. ಎಕ್ಸೆಲ್ ಬರುತ್ತೆ ಅನ್ನೋರು ಅದರಲ್ಲೇ ಮಾಡ್ಕೊಳ್ಳಿ. ಬರೆದಿಡದೆ ತಲೇಲಿ ಇಟ್ಕೊಂಡ್ರೆ ಮೂರನೇ ವಾರಕ್ಕೆ ಯಾರಿಗೆ ಏನು ಹೇಳಿದೆ ಅನ್ನೋದೇ ಮರೆತು ಒಬ್ಬರಿಗೇ ಎರಡು ಸಲ ಪರಿಚಯ ಹೇಳ್ಕೊಂಡು ಕೂತಿರ್ತೀರ.

ರೆಸ್ಯೂಮೆ ಬಗ್ಗೆ ಇಲ್ಲಿ ಜಾಸ್ತಿ ಹೇಳಲ್ಲ, ಪಿಡಿಎಫ್ ಆಗಿರ್ಲಿ, ಫೈಲ್ ಹೆಸರಲ್ಲಿ ನಿಮ್ಮ ಹೆಸರಿರ್ಲಿ, ಫೋನ್ ನಂಬರ್ ಸರಿ ಇದೆಯಾ ಇನ್ನೊಂದ್ಸಲ ನೋಡ್ಕೊಳ್ಳಿ. ವಾಟ್ಸಾಪ್‌ನಲ್ಲಿ ಹೆಸರಿನ ಜಾಗದಲ್ಲಿ ಬರೀ ಇಮೋಜಿ ಇದ್ರೆ ತೆಗ್ದು ಹೆಸರು ಹಾಕಿ.

ಮೆಸೇಜ್ ಬರಿಯೋದು

ನಾಲ್ಕು ವಿಷಯ ಇರ್ಬೇಕು: ನೀವು ಯಾರು, ಅವರು ಹೇಗೆ ಗೊತ್ತು, ನಿಮಗೇನು ಬರುತ್ತೆ, ಅವರಿಂದ ಏನು ಚಿಕ್ಕದು ಬೇಕು. ಅಷ್ಟೇ. ಮನೆ ಕಷ್ಟ, ಅಪ್ಪನ ಆರೋಗ್ಯ, ಸಾಲ, ಇದೆಲ್ಲ ಮೊದಲನೇ ಮೆಸೇಜಲ್ಲಿ ಬೇಡ. ಕಷ್ಟ ಸುಳ್ಳು ಅಂತಲ್ಲ, ಅದನ್ನ ಓದಿದವರಿಗೆ ಅಯ್ಯೋ ಅನ್ಸುತ್ತೆ, ಆದ್ರೆ ಏನು ಮಾಡ್ಬೇಕು ಅಂತ ಗೊತ್ತಾಗದೆ ಉತ್ತರ ಬರಿಯೋದನ್ನೇ ಮುಂದಕ್ಕೆ ಹಾಕ್ತಾರೆ.

ಪರಿಚಯ ಇರೋರಿಗೆ ಹೀಗೆ ಬರೀಬಹುದು: "ಅಕ್ಕ ನಮಸ್ತೆ, ನಾನು ಶೈಲಮ್ಮ ಟೀಚರ್ ಅಕ್ಕನ ಮಗಳು, ಹೋದ ವರ್ಷ ಗೃಹಪ್ರವೇಶದಲ್ಲಿ ಸಿಕ್ಕಿದ್ವಲ್ಲ. ಬಿಎಸ್ಸಿ ಕಂಪ್ಯೂಟರ್ ಸೈನ್ಸ್ ಆಯ್ತು, ಸಾಫ್ಟ್‌ವೇರ್ ಟೆಸ್ಟಿಂಗ್ ಕಲೀತಿದೀನಿ, ಎರಡು ಪ್ರಾಜೆಕ್ಟ್ ಮಾಡಿದೀನಿ. ನೀವು ಟೆಸ್ಟಿಂಗ್‌ನಲ್ಲೇ ಇದೀರಿ ಅಂತ ಅಮ್ಮ ಹೇಳಿದ್ರು. ಫ್ರೆಶರ್‌ಗೆ ನಿಮ್ಮ ಟೀಮಲ್ಲಿ ಮೊದಲು ಏನು ನೋಡ್ತಾರೆ ಅಂತ ಕೇಳ್ಬೇಕಿತ್ತು, ಈ ವಾರದಲ್ಲಿ ಹತ್ತು ನಿಮಿಷ ಯಾವಾಗ ಫೋನ್ ಮಾಡ್ಲಿ?"

ಪರಿಚಯ ಇಲ್ಲದ ಸೀನಿಯರ್‌ಗೆ ಲಿಂಕ್ಡ್‌ಇನ್‌ನಲ್ಲಿ ಬರೀವಾಗ ಜಾಗ ಕಮ್ಮಿ, ಎರಡೇ ವಾಕ್ಯ. ಯಾವ ಕಾಲೇಜು, ಯಾವ ವರ್ಷ, ಒಂದು ಪ್ರಶ್ನೆ. ಬರೀ "ಹಾಯ್" ಅಂತ ಕಳಿಸಿ ಉತ್ತರಕ್ಕೆ ಕಾಯೋದು ಬೇಡ, ಕೆಲಸದಲ್ಲಿರೋರು ಹಾಯ್‌ಗೆ ಹಾಯ್ ಅಂತ ಬರ್ಕೊಂಡು ಕೂರಲ್ಲ. ಒಂದೇ ಮೆಸೇಜ್ ಕಾಪಿ ಮಾಡಿ 50 ಜನಕ್ಕೆ ಹಾಕಿದ್ರೂ ಗೊತ್ತಾಗುತ್ತೆ, ಒಂದ್ಸಲ ನನಗೆ ಬಂದ ಮೆಸೇಜಲ್ಲಿ ಬೇರೆ ಕಂಪನಿ ಹೆಸರೇ ಇತ್ತು.

ದಿನಕ್ಕೆ ಮೂರು ಜನಕ್ಕೆ ಬರೀರಿ, ಜಾಸ್ತಿ ಬೇಡ. ಮೂರು ಅಂದ್ರೆ ಪ್ರತಿಯೊಬ್ಬರ ಬಗ್ಗೆ ಸ್ವಲ್ಪ ತಿಳ್ಕೊಂಡು ಬರೆಯೋಕಾಗುತ್ತೆ. ಆಫೀಸಿನವರಿಗೆ ಸೋಮವಾರ ಬೆಳಗ್ಗೆ ಬೇಡ, ಫ್ಯಾಕ್ಟರಿಲಿರೋರಿಗೆ ಶಿಫ್ಟ್ ಕೇಳ್ಕೊಂಡು ಫೋನ್ ಮಾಡಿ, ನೈಟ್ ಶಿಫ್ಟ್ ಮುಗಿಸಿ ಮಲಗಿರೋರನ್ನ ಹತ್ತು ಗಂಟೆಗೆ ಎಬ್ಬಿಸಿದ್ರೆ ಪರಿಚಯ ಅಲ್ಲಿಗೇ ಕೆಟ್ಟುಹೋಗುತ್ತೆ.

ಮಾತಿಗೆ ಸಿಕ್ಕಾಗ

ಹತ್ತು ನಿಮಿಷ ಕೇಳಿದ್ರೆ ಹತ್ತೇ ನಿಮಿಷ. ಪ್ರಶ್ನೆ ಮೊದಲೇ ಬರ್ಕೊಂಡು ಹೋಗಿ. ನಾನು ಕೇಳಿ ಅನ್ನೋ ಪ್ರಶ್ನೆಗಳು ಇವು: ಈ ಕೆಲಸದಲ್ಲಿ ದಿನಾ ಏನು ಮಾಡ್ತೀರಿ, ನಿಮ್ಮಲ್ಲಿ ಹೊಸಬರನ್ನ ಯಾವ ದಾರಿಲಿ ತಗೋತಾರೆ, ನೇರ ಪೇರೋಲಾ ಇಲ್ಲ ಕಾಂಟ್ರಾಕ್ಟರ್ ಮೂಲಕಾನಾ, ನನ್ನ ರೆಸ್ಯೂಮೆಲಿ ಏನು ಕಮ್ಮಿ ಇದೆ. ಕೊನೇದು ಕೇಳೋಕೆ ಸ್ವಲ್ಪ ಧೈರ್ಯ ಬೇಕು, ಉತ್ತರ ಚುಚ್ಚುತ್ತೆ, ಆದ್ರೂ ಕೇಳಿ, ವಾದ ಮಾಡ್ಬೇಡಿ, ಬರ್ಕೊಳ್ಳಿ.

ಎದ್ದು ಬರೋಕೆ ಮುಂಚೆ ಇನ್ನೊಂದು ಪ್ರಶ್ನೆ ಇದೆ, ನನ್ನ ಅನುಭವದಲ್ಲಿ ಅತೀ ಹೆಚ್ಚು ಫಲ ಕೊಟ್ಟಿರೋದು ಅದೇ: "ಈ ವಿಷಯಕ್ಕೆ ನಾನು ಇನ್ಯಾರನ್ನ ಮಾತಾಡಿಸಿದ್ರೆ ಒಳ್ಳೇದು ಸರ್? ನೀವು ಹೇಳಿದ್ರಿ ಅಂತ ಹೇಳ್ಬಹುದಾ?" 40 ಹೆಸರಿನ ಪಟ್ಟಿ ಬೆಳೆಯೋದೇ ಹಿಂಗೆ. ಯಾರೋ ಒಬ್ಬರ ಹೆಸರು ಹೇಳ್ತಾರೆ, ಅವರ ಹತ್ರ ಹೋದಾಗ ನೀವು ಅಪರಿಚಿತರಲ್ಲ, ಇಂಥವರು ಕಳಿಸಿದ ಹುಡುಗ. ಆದ್ರೆ ಒಪ್ಪಿಗೆ ಕೇಳದೆ ಇನ್ನೊಬ್ಬರ ಹೆಸರು ಮಾತ್ರ ಎಲ್ಲೂ ಬಳಸ್ಬೇಡಿ, ಬೆಂಗಳೂರು ಎಷ್ಟೇ ದೊಡ್ಡದಾದ್ರೂ ಒಂದೇ ಲೈನಿನಲ್ಲಿರೋರೆಲ್ಲ ಒಬ್ಬರಿಗೊಬ್ಬರು ಗೊತ್ತಿರ್ತಾರೆ.

ಅವತ್ತೇ ಸಂಜೆ ಒಂದು ಥ್ಯಾಂಕ್ಸ್ ಮೆಸೇಜ್, ಅವರು ಹೇಳಿದ್ದರಲ್ಲಿ ಯಾವುದನ್ನ ಮಾಡ್ತಿದೀರಿ ಅಂತ ಒಂದು ಸಾಲು.

ರೆಫರಲ್ ಒಳಗೆ ಏನು ನಡೆಯುತ್ತೆ

ದೊಡ್ಡ ಕಂಪನಿಗಳಲ್ಲಿ ಎಂಪ್ಲಾಯಿ ರೆಫರಲ್ ಅಂತ, ಅಂದ್ರೆ ಒಳಗಿರೋ ನೌಕರರೇ ಹೊಸಬರ ಹೆಸರು ಸೂಚಿಸೋಕೆ, ಒಂದು ಪೋರ್ಟಲ್ ಇರುತ್ತೆ. ಒಳಗಿರೋರು ಲಾಗಿನ್ ಆಗಿ, ಯಾವ ಓಪನಿಂಗ್‌ಗೆ ಅಂತ ಜಾಬ್ ಐಡಿ ಹಾಕಿ, ನಿಮ್ಮ ಹೆಸರು, ಇಮೇಲ್, ಫೋನ್ ತುಂಬಿ, ರೆಸ್ಯೂಮೆ ಅಪ್‌ಲೋಡ್ ಮಾಡ್ಬೇಕು. ನೀವು ಸೇರಿ ಕೆಲವು ತಿಂಗಳು ಉಳಿದ್ರೆ ಎಷ್ಟೋ ಕಂಪನಿಗಳು ರೆಫರ್ ಮಾಡಿದವರಿಗೆ ಬೋನಸ್ ಕೊಡ್ತಾವೆ. ಅಂದ್ರೆ ನೀವು ಭಿಕ್ಷೆ ಬೇಡ್ತಿಲ್ಲ, ಒಳ್ಳೆ ಕ್ಯಾಂಡಿಡೇಟ್ ಕೊಟ್ರೆ ಅವರಿಗೂ ಲಾಭ, ಕಂಪನಿಗೂ ಲಾಭ. ಇದನ್ನ ತಿಳ್ಕೊಂಡ್ರೆ ಕೇಳೋವಾಗ ಧ್ವನಿ ಕುಗ್ಗಲ್ಲ.

ಆದ್ದರಿಂದ ಅವರ ಕೆಲಸ ಸುಲಭ ಮಾಡಿಕೊಡಿ. ಕಂಪನಿ ವೆಬ್‌ಸೈಟಲ್ಲಿ ಕೆರಿಯರ್ಸ್ ಪೇಜ್‌ಗೆ ನೀವೇ ಹೋಗಿ, ನಿಮಗೆ ಹೊಂದೋ ಒಂದೋ ಎರಡೋ ಓಪನಿಂಗ್ ಹುಡುಕಿ, ಜಾಬ್ ಐಡಿ, ಲಿಂಕು, ಪಿಡಿಎಫ್, ಮತ್ತೆ ನೀವು ಆ ಕೆಲಸಕ್ಕೆ ಯಾಕೆ ಹೊಂದ್ತೀರಿ ಅಂತ ಮೂರು ಸಾಲು, ಎಲ್ಲ ಒಂದೇ ಇಮೇಲ್‌ನಲ್ಲಿ ಕಳಿಸಿ. "ನಿಮ್ಮ ಕಂಪನಿಲಿ ಏನೇನಿದೆ ನೋಡಿ ಹೇಳಿ" ಅಂದ್ರೆ ಅದು ಅವರಿಗೆ ಒಂದು ಗಂಟೆ ಕೆಲಸ. ಜಾಬ್ ಐಡಿ ಕೊಟ್ರೆ ಐದು ನಿಮಿಷ.

ಇನ್ನೊಂದು ಮುಖ್ಯ ವಿಷಯ, ಇದರಲ್ಲಿ ಎಡವಿದವರನ್ನ ತುಂಬ ನೋಡಿದೀನಿ. ನೀವು ಅದೇ ಕಂಪನಿಗೆ ಮೊದಲೇ ವೆಬ್‌ಸೈಟಿಂದಾನೋ ಕನ್ಸಲ್ಟೆನ್ಸಿಯಿಂದಾನೋ ಅಪ್ಲೈ ಮಾಡ್ಬಿಟ್ಟಿದ್ರೆ ನಿಮ್ಮ ಇಮೇಲ್ ಆಗ್ಲೇ ಸಿಸ್ಟಮಲ್ಲಿ ಇರುತ್ತೆ, ಬಹಳ ಕಡೆ ಆಮೇಲೆ ಕೆಲವು ತಿಂಗಳು ಅದೇ ಹೆಸರನ್ನ ರೆಫರಲ್ ಅಂತ ತಗೊಳ್ಳೋದೇ ಇಲ್ಲ. ಹಾಗಾಗಿ ಪರಿಚಯದವರು ಇರೋ ಕಂಪನಿಗೆ ಮೊದಲು ಅವರನ್ನ ಕೇಳಿ, ಆಮೇಲೆ ಅಪ್ಲೈ ಮಾಡಿ. ಒಂದೇ ಓಪನಿಂಗ್‌ಗೆ ಇಬ್ಬರ ಹತ್ರ ರೆಫರ್ ಮಾಡಿಸೋಕೂ ಹೋಗ್ಬೇಡಿ.

ಚಿಕ್ಕ ಕಂಪನಿಗಳಲ್ಲಿ, ಪೀಣ್ಯ, ಬೊಮ್ಮಸಂದ್ರ, ಜಿಗಣಿ ಕಡೆ ವರ್ಕ್‌ಶಾಪ್‌ಗಳಲ್ಲಿ ಪೋರ್ಟಲ್ ಗೀರ್ಟಲ್ ಏನಿರಲ್ಲ, ಸೂಪರ್‌ವೈಸರ್ ಮಾತೇ ಪೋರ್ಟಲ್. ಅಲ್ಲಿ ಕರೆದ ದಿನ ಕರೆದ ಟೈಮಿಗೆ, ಶೂ ಹಾಕ್ಕೊಂಡು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ತಗೊಂಡು ಹೋಗಿ. ಮೆಷಿನ್ ಮುಂದೆ ನಿಲ್ಲಿಸಿ ಕೇಳ್ತಾರೆ.

ಯಾವ ಕಾಲದಲ್ಲಿ ಕೇಳ್ಬೇಕು ಅನ್ನೋದೂ ಒಂದು ಲೆಕ್ಕ. ನಮ್ಮಲ್ಲಿ ಬಹಳಷ್ಟು ಕಂಪನಿಗಳ ವರ್ಷ ಏಪ್ರಿಲ್‌ನಿಂದ ಮಾರ್ಚ್, ಇನ್‌ಕ್ರಿಮೆಂಟು ಬೋನಸ್ಸು ಕೈಗೆ ಬಂದ ಮೇಲೆ ಜನ ಬಿಡ್ತಾರೆ, ಹೊಸ ಬಜೆಟ್ಟೂ ಆಗಷ್ಟೇ ಬಂದಿರುತ್ತೆ, ಹಾಗಾಗಿ ಏಪ್ರಿಲ್‌ನಿಂದ ಜುಲೈವರೆಗೆ ಜಾಗಗಳು ಖಾಲಿಯಾಗ್ತಾ ಇರ್ತಾವೆ. ಪರಿಚಯ ಮಾಡ್ಕೊಳ್ಳೋದನ್ನ ಜನವರಿ ಫೆಬ್ರವರಿಗೇ ಶುರು ಮಾಡಿದ್ರೆ ಆ ಹೊತ್ತಿಗೆ ಅವರಿಗೆ ನಿಮ್ಮ ನೆನಪಿರುತ್ತೆ.

ಉತ್ತರ ಬರಲಿಲ್ಲ ಅಂದ್ರೆ

ಒಂದು ವಾರ ಬಿಟ್ಟು ಒಂದ್ಸಲ ನೆನಪು ಮಾಡಿ, ಇನ್ನೆರಡು ವಾರ ಬಿಟ್ಟು ಇನ್ನೊಂದ್ಸಲ. ಆಮೇಲೆ ಬಿಟ್ಬಿಡಿ. ದಿನಾ ಬೆಳಗ್ಗೆ ಗುಡ್ ಮಾರ್ನಿಂಗ್ ಫೋಟೋ ಕಳಿಸಿ ನೆನಪಲ್ಲಿ ಉಳಿಯೋಕೆ ನೋಡ್ಬೇಡಿ. ನೆನಪು ಮಾಡೋವಾಗ ಏನಾದ್ರೂ ಹೊಸದು ಹೇಳಿ: "ಸರ್ ನೀವು ಹೇಳಿದ ಕೋರ್ಸ್ ಮುಗಿಸಿದೆ", "ಡ್ರೈವಿಂಗ್ ಲೈಸೆನ್ಸ್ ಆಯ್ತು", "ಬಿಡದಿ ಕಡೆಗೂ ಬರೋಕೆ ರೆಡಿ ಇದೀನಿ". ಉತ್ತರ ಕೊಡದವರು ಕೆಟ್ಟವರೇನಲ್ಲ, ಅವರ ಕೆಲಸಾನೇ ಅಲ್ಲಾಡ್ತಿರಬಹುದು, ಮನೇಲಿ ಏನೋ ಇರಬಹುದು. 40 ಜನದಲ್ಲಿ ಹತ್ತು ಜನ ಸರಿಯಾಗಿ ಮಾತಾಡಿದ್ರೆ ಒಳ್ಳೇ ಲೆಕ್ಕ ಅಂತ ಇಟ್ಕೊಳ್ಳಿ.

ಒಬ್ಬರು ನಿಮ್ಮ ಹೆಸರು ಕೊಟ್ಟ ಮೇಲೆ

ಇದನ್ನ ನಾನು ನೊಂದು ಬರೀತಿದೀನಿ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗನ್ನ ರೆಫರ್ ಮಾಡಿದ್ದೆ, ಮ್ಯಾನೇಜರ್ ಹತ್ರ ಹೋಗಿ ಬಾಯಲ್ಲೂ ಹೇಳಿದ್ದೆ ಒಳ್ಳೆ ಹುಡುಗ ಅಂತ. ಇಂಟರ್ವ್ಯೂ ದಿನ ಇಬ್ಬರು ಸೀನಿಯರ್‌ಗಳು ಲೈನ್ ಬಿಟ್ಟು ಬಂದು ಕೂತಿದ್ರು, ಅವನು ಬರ್ಲೇ ಇಲ್ಲ, ಫೋನ್ ಸ್ವಿಚ್ ಆಫ್. ಎರಡು ದಿನ ಆದ್ಮೇಲೆ ಬೇರೆ ಕಡೆ ಆಯ್ತು ಅಣ್ಣ ಅಂತ ಮೆಸೇಜ್. ಬೇರೆ ಕಡೆ ಆಗಿದ್ದಕ್ಕೆ ನನಗೇನೂ ಬೇಜಾರಿಲ್ಲ, ಹಿಂದಿನ ದಿನ ಒಂದು ಮಾತು ಹೇಳಿದ್ರೆ ಸಾಕಿತ್ತು. ಅದಾದ್ಮೇಲೆ ಸುಮಾರು ಒಂದು ವರ್ಷ ನಾನು ಯಾರ ಹೆಸರು ಹೇಳಿದ್ರೂ ಮ್ಯಾನೇಜರ್ "ಇವನಾದ್ರೂ ಬರ್ತಾನಾ?" ಅಂತಿದ್ರು. ಆ ವರ್ಷ ನಿಜವಾಗ್ಲೂ ಕೆಲಸ ಬೇಕಾಗಿದ್ದ ಇಬ್ಬರಿಗೆ ನನ್ನ ಮಾತು ನಡೀಲಿಲ್ಲ.

ಹಾಗಾಗಿ ಬರೋಕಾಗಲ್ಲ ಅಂದ್ರೆ ಮೊದಲೇ ಹೇಳಿ, ಇಂಟರ್ವ್ಯೂ ಹೇಗಾಯ್ತು ಅಂತ ಅವತ್ತೇ ಹೇಳಿ, ರಿಜೆಕ್ಟ್ ಆದ್ರೂ ಹೇಳಿ, ಆಫರ್ ಬಂದ್ರೆ ನಿಮ್ಮ ಬಾಯಿಂದಾನೇ ಮೊದಲು ಗೊತ್ತಾಗ್ಲಿ. ಎಕ್ಸ್‌ಪೀರಿಯನ್ಸ್ ವಿಷಯದಲ್ಲಿ ಸುಳ್ಳು ಹಾಕ್ಬೇಡಿ. ಫೇಕ್ ಸರ್ಟಿಫಿಕೇಟ್ ಮಾಡಿಸ್ಕೊಡೋರು ಸಿಗ್ತಾರೆ, ಆದ್ರೆ ನಿಮ್ಮ ಪಿಎಫ್ ಯುಎಎನ್ ನಂಬರಲ್ಲಿ (ಕಂಪನಿ ಬದಲಾದ್ರೂ ಬದಲಾಗದ ಪಿಎಫ್ ನಂಬರು ಅದು) ಎಲ್ಲಿ ಎಷ್ಟು ದಿನ ಇದ್ರಿ ಅನ್ನೋದು ಇರುತ್ತೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಅದನ್ನ ನೋಡ್ತಾರೆ, ಸಿಕ್ಕಿಬಿದ್ರೆ ನಿಮ್ಮ ಜೊತೆ ನಿಮ್ಮನ್ನ ಸೇರಿಸಿದವರ ಮುಖಾನೂ ಹೋಗುತ್ತೆ.

ದುಡ್ಡು ಕೇಳಿದ್ರೆ ಅಲ್ಲಿಗೇ ನಿಲ್ಲಿಸಿ

ಪರಿಚಯದವರ ಪರಿಚಯ ಅಂತ ಹೇಳ್ಕೊಂಡು ಬರೋರೇ ಜಾಸ್ತಿ ಮೋಸ ಮಾಡ್ತಾರೆ, ಯಾಕಂದ್ರೆ ನಾವು ನಂಬ್ತೀವಿ. ರಿಜಿಸ್ಟ್ರೇಷನ್ ಫೀಸು, ಟ್ರೈನಿಂಗ್ ಡಿಪಾಸಿಟ್ಟು, ಲ್ಯಾಪ್‌ಟಾಪ್ ಡಿಪಾಸಿಟ್ಟು, ಬ್ಯಾಕ್‌ಡೋರ್‌ಗೆ ಎರಡು ಲಕ್ಷ, ಹೆಸರು ಏನೇ ಇರ್ಲಿ, ಕೆಲಸಕ್ಕೆ ಮುಂಚೆ ನಿಮ್ಮಿಂದ ದುಡ್ಡು ಕೇಳಿದ್ರೆ ಅದು ಕೆಲಸ ಅಲ್ಲ. ಆಫರ್ ಲೆಟರ್ ಬಂದ್ರೆ ಕಂಪನಿ ವೆಬ್‌ಸೈಟಲ್ಲಿರೋ ನಂಬರಿಗೇ ಫೋನ್ ಮಾಡಿ ವಿಚಾರಿಸಿ, ಲೆಟರಲ್ಲಿರೋ ನಂಬರಿಗಲ್ಲ. ಆನ್‌ಲೈನಲ್ಲಿ ದುಡ್ಡು ಕಳಿಸಿಬಿಟ್ಟಿದ್ರೆ ನಾಚಿಕೆ ಪಟ್ಕೊಂಡು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ, ಸೈಬರ್ ಮೋಸದ ಸಹಾಯವಾಣಿ ಅದು, ಬೇಗ ಮಾಡಿದಷ್ಟೂ ದುಡ್ಡು ಅಲ್ಲೇ ತಡೆಯೋ ಸಾಧ್ಯತೆ ಜಾಸ್ತಿ.

ಸರ್ಕಾರಿ ಕೆಲಸದ ದಾರಿ ಪೂರ್ತಿ ಬೇರೆ. ಅಲ್ಲಿ ಪರೀಕ್ಷೆನೇ ದಾರಿ, ಪರಿಚಯದಿಂದ ಮಾಡಿಸ್ತೀನಿ ಅನ್ನೋನು ಮೋಸಗಾರ ಇಲ್ಲ ಅಪರಾಧಿ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರಲ್ಲಿ ನಡೆದ ಪರೀಕ್ಷೆ ಅಕ್ರಮ ಹೊರಬಂದು 2022ರಲ್ಲಿ ರದ್ದಾಯ್ತಲ್ಲ, ರಾತ್ರಿ ಹಗಲು ಓದಿ ಬರೆದಿದ್ದ ಮಕ್ಕಳೂ ಮತ್ತೆ ಪರೀಕ್ಷೆಗೆ ಕೂರ್ಬೇಕಾಯ್ತು. ಸರ್ಕಾರಿ ಪರೀಕ್ಷೆಗೆ ಪರಿಚಯ ಬೇಕಿರೋದು ನೋಟ್ಸಿಗೆ, ಒಟ್ಟಿಗೆ ಕೂತು ಓದೋಕೆ, ಪಾಸಾದವರ ಹತ್ರ ಟೈಮ್‌ಟೇಬಲ್ ಕೇಳೋಕೆ.

ಹೆಣ್ಮಕ್ಕಳಿಗೆ, ಗ್ಯಾಪ್ ಆಗಿರೋರಿಗೆ

ಅಪರಿಚಿತ ಗಂಡಸರಿಗೆ ಮೆಸೇಜ್ ಮಾಡೋಕೆ ಹಿಂಜರಿಕೆ ಆಗೋದು ಸಹಜ. ಮೊದಲು ಅದೇ ಕಂಪನಿಲಿರೋ ಹೆಣ್ಮಕ್ಕಳನ್ನೇ ಹುಡುಕಿ. ಭೇಟಿ ಅಂದ್ರೆ ಆಫೀಸಿನ ಕೆಫೆಟೇರಿಯಾ, ದರ್ಶಿನಿ, ಹಗಲು ಹೊತ್ತು, ಜೊತೆಗೆ ಒಬ್ಬರನ್ನ ಕರ್ಕೊಂಡು ಹೋದ್ರೆ ತಪ್ಪೇನಿಲ್ಲ. ಮಾತು ಕೆಲಸ ಬಿಟ್ಟು ಬೇರೆ ಕಡೆ ತಿರುಗಿದ್ರೆ ಬ್ಲಾಕ್ ಮಾಡಿ, ವಿವರಣೆ ಕೊಡೋ ಅಗತ್ಯ ಇಲ್ಲ.

ನಮ್ಮ ಅಕ್ಕ ಬಿಇಡಿ ಮಾಡಿ, ಮಗು ಆದ್ಮೇಲೆ ಆರು ವರ್ಷ ಮನೇಲಿದ್ಲು. ಮತ್ತೆ ಟೀಚರ್ ಆಗ್ಬೇಕು ಅಂದಾಗ ನನಗ್ಯಾರು ಗೊತ್ತು ಅಂತಾನೇ ಶುರು ಮಾಡಿದ್ಲು. ಮಗುನ ಸ್ಕೂಲಿಗೆ ಬಿಡೋಕೆ ಹೋದಾಗ ಗೇಟ್ ಹತ್ರ ದಿನಾ ಸಿಗ್ತಿದ್ದ ಇನ್ನೊಬ್ಬ ತಾಯಿ ಬೇರೆ ಶಾಲೇಲಿ ಗಣಿತದ ಟೀಚರ್. ಒಂದಿನ ಅಕ್ಕ ಕೇಳಿದ್ದು ಇಷ್ಟೇ: "ನಿಮ್ಮ ಶಾಲೇಲಿ ಯಾರಾದ್ರೂ ಹೆರಿಗೆ ರಜೆಗೆ ಹೋದ್ರೆ ಆ ಟೈಮಿಗೆ ಬೇರೆಯವರನ್ನ ತಗೋತಾರಾ?" ತಗೋತಿದ್ರು. ನಾಲ್ಕು ತಿಂಗಳಿಗೆ ಅಂತ ಹೋದವಳು ಈಗ ಐದನೇ ವರ್ಷ ಅಲ್ಲೇ ಇದಾಳೆ. ಗ್ಯಾಪ್ ಇರೋರಿಗೆ ಇಂಥ ತಾತ್ಕಾಲಿಕ ಜಾಗಗಳೇ ಒಳ್ಳೆ ಬಾಗಿಲು, ಇವು ನೌಕ್ರಿ ಸೈಟುಗಳಲ್ಲಿ ಬರೋದು ಕಮ್ಮಿ.

ಸೇರಿದ ಮೇಲೆ

ಆಫರ್ ಕೈಗೆ ಬಂದ ದಿನ ಆ ನೋಟ್‌ಬುಕ್ ತೆಗ್ದು, ಮಾತಾಡಿದ ಪ್ರತಿಯೊಬ್ಬರಿಗೂ ಒಂದು ಮೆಸೇಜ್ ಹಾಕಿ, ಅವರಿಂದ ಕೆಲಸ ಆಗದಿದ್ರೂ ಹಾಕಿ. ರೆಫರ್ ಮಾಡಿದವರಿಗೆ ಫೋನೇ ಮಾಡಿ. ಗಿಫ್ಟು ಏನೂ ಬೇಡ, ನನಗೆ ಒಬ್ಬ ಹುಡುಗ ಊರಿಂದ ಬರೋವಾಗ ಅವರ ತೋಟದ ನಾಲ್ಕು ತೆಂಗಿನಕಾಯಿ ತಂದ್ಕೊಟ್ಟಿದ್ದ, ಅದನ್ನ ಬೇಡ ಅನ್ನೋಕಾಗಲಿಲ್ಲ. ಪ್ರೊಬೇಷನ್ ಮುಗಿಯೋವರೆಗೂ, ಸಾಮಾನ್ಯವಾಗಿ ಮೂರೋ ಆರೋ ತಿಂಗಳು, ನೋಟ್‌ಬುಕ್ ಎಸೀಬೇಡಿ, ಪಕ್ಕದ ಕಾಲಂನಲ್ಲಿ ಹೊಸ ಆಫೀಸಿನವರ ಹೆಸರು ಸೇರಿಸ್ತಾ ಹೋಗಿ: ಬೇರೆ ಟೀಮಿನವರು, ವೆಂಡರ್‌ಗಳು, ಬಿಟ್ಟು ಹೋಗ್ತಿರೋ ಸೀನಿಯರ್‌ಗಳು. ಬಿಟ್ಟು ಹೋಗೋರ ಪರ್ಸನಲ್ ನಂಬರ್ ಅವರ ಕೊನೇ ದಿನ ಕೇಳಿ ಬರೆದಿಟ್ಕೊಳ್ಳಿ, ಆಫೀಸ್ ಇಮೇಲ್ ಮಾರನೇ ದಿನಾನೇ ಬಂದ್ ಆಗಿರುತ್ತೆ.